ಗಂಟೆಗೆ ನಾಲ್ಕು ಚಮಚ

ಐಸಿಯು ಬಾಗಿಲ ಹೊರಗೆ ಅಕ್ಕ ಸ್ಟೀಲ್ ಕ್ಯಾರಿಯರ್ ಹಿಡಿದು ನಿಂತಿದ್ದಳು. ಅದರಲ್ಲಿ ಬಟ್ಟೆಯಲ್ಲಿ ಎರಡು ಸಲ ಸೋಸಿದ ರಾಗಿ ಗಂಜಿ.

"ಸಿಸ್ಟರ್, ಇವ್ರು ಮೂರು ದಿನದಿಂದ ಏನೂ ತಿಂದಿಲ್ಲ."

"ಊಟ ಹೋಗ್ತಾ ಇದೆ ಅಮ್ಮ, ಬಂದು ನೋಡಿ."

ಭಾವ ಬೋರಲಾಗಿ ಮಲಗಿದ್ದರು. ನ್ಯುಮೋನಿಯಾ ಎರಡೂ ಶ್ವಾಸಕೋಶಗಳಿಗೆ ಹಬ್ಬಿ ಎಆರ್‌ಡಿಎಸ್ ಎಂಬ ತೀವ್ರ ಉಸಿರಾಟದ ತೊಂದರೆ ಆಗಿತ್ತು. ಬೆನ್ನಿನ ಕಡೆ ಮುದುಡಿದ ಭಾಗ ಬಿಚ್ಚಿಕೊಳ್ಳಲೆಂದು ದಿನಕ್ಕೆ 16 ಗಂಟೆ ಹಾಗೆ ಮಲಗಿಸುತ್ತಿದ್ದರು. ಬಾಯಲ್ಲಿ ವೆಂಟಿಲೇಟರಿನ ಕೊಳವೆ, ಮೂಗಿನಲ್ಲಿ ಸಣ್ಣ ರೈಲ್ಸ್ ಟ್ಯೂಬ್. ಹೊಟ್ಟೆಯದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯದಿರಲಿ ಎಂದು ತಲೆಯ ಕಡೆ ಇಡೀ ಮಂಚವನ್ನೇ ಓರೆಯಾಗಿ ಎತ್ತಿದ್ದರು. ಪಕ್ಕದ ಪಂಪು ಕೆನೆಬಣ್ಣದ ಆಹಾರವನ್ನು ತೊಟ್ಟು ತೊಟ್ಟಾಗಿ ಇಳಿಸುತ್ತಿತ್ತು. ಗಂಟೆಗೆ 20 ಮಿ.ಲೀ., ಅಂದರೆ ನಾಲ್ಕು ಟೀ ಚಮಚ.

"ಇಷ್ಟೇನಾ?" ಅಂದಳು ಅಕ್ಕ. ಮನೆಗೆ ಬಂದವರ ತಟ್ಟೆಗೆ ಬೇಡವೆಂದರೂ ಇನ್ನೊಂದು ಮುದ್ದೆ ಹಾಕುವ ಕೈ ಅವಳದು.

ನನಗೂ ಸಂಕಟವಾಯಿತು. ಆಮೇಲೆ ತಿಳಿಯಿತು, ಆ ನಾಲ್ಕು ಚಮಚವೂ ಔಷಧಿಯಷ್ಟೇ ಲೆಕ್ಕದ್ದು. ಕರುಳನ್ನು ಖಾಲಿ ಬಿಟ್ಟರೆ ಅದರ ಒಳಪದರ ಸೊರಗುತ್ತದೆ. ಅದಕ್ಕೇ ಮೊದಲ 48 ಗಂಟೆಯೊಳಗೆ ಆಹಾರ ಶುರು ಮಾಡುತ್ತಾರೆ. ಒಮ್ಮೆಲೇ ಸುರಿದರೂ ಕಷ್ಟ. ಹೆಚ್ಚಾದ ಆಹಾರ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ, ಅದನ್ನು ಹೊರಹಾಕುವ ಕೆಲಸವೂ ಬಳಲಿದ ಶ್ವಾಸಕೋಶದ ಪಾಲಿಗೇ ಬೀಳುತ್ತದೆ. ಅಮೆರಿಕದಲ್ಲಿ ಇಂಥ 1000 ರೋಗಿಗಳ ಮೇಲೆ ನಡೆದ ಈಡನ್ ಅಧ್ಯಯನ 2012ರಲ್ಲಿ ಹೊರಬಂತು. ಮೊದಲ ಆರು ದಿನ ಕಡಿಮೆ ಆಹಾರ ಪಡೆದವರೂ ಪೂರ್ತಿ ಪಡೆದವರಷ್ಟೇ ಬದುಕುಳಿದಿದ್ದರು, ವಾಂತಿಯೂ ಅವರಲ್ಲಿ ಕಡಿಮೆ.

ಹಾಗೆಂದು ಅಲ್ಲಿಗೇ ನಿಲ್ಲಿಸುವಂತಿಲ್ಲ. ಯಂತ್ರ ಉಸಿರಾಡಿಸುವಾಗ ನಮ್ಮ ಉಸಿರಾಟದ ಸ್ನಾಯುವಾದ ವಪೆ ಕೆಲಸವಿಲ್ಲದೆ ಕೆಲವೇ ದಿನಗಳಲ್ಲಿ ತೆಳುವಾಗುತ್ತದೆ, ಮೈ ತನ್ನ ಮಾಂಸವನ್ನೇ ತಿನ್ನತೊಡಗುತ್ತದೆ. ಭಾವನ ತೊಡೆಯನ್ನು ನಾನೇ ಕಂಡೆ: ಒಂದೇ ವಾರದಲ್ಲಿ ಚರ್ಮ ಜೋಲುಬಿದ್ದಿತ್ತು. ಅವರ 60 ಕಿಲೋ ತೂಕಕ್ಕೆ ದಿನಕ್ಕೆ 72 ಗ್ರಾಂ ಪ್ರೋಟೀನ್ ಮುಟ್ಟಿಸಬೇಕು ಎಂದು ಡಯಟಿಷಿಯನ್ ಬರೆದಿಟ್ಟಿದ್ದರು. ಹೆಚ್ಚುಕಡಿಮೆ ಹನ್ನೆರಡು ಮೊಟ್ಟೆಯಷ್ಟು. ಪಂಪಿನ ಅಂಕಿ ದಿನಕ್ಕಿಷ್ಟು ಏರುತ್ತಿತ್ತು. ಅಕ್ಕ ವೆಂಟಿಲೇಟರಿಗಿಂತ ಮೊದಲು ಅದನ್ನು ನೋಡುತ್ತಿದ್ದಳು.

ಹನ್ನೊಂದನೆಯ ದಿನ ಬಾಯಿಯ ಕೊಳವೆ ತೆಗೆದರು. ಮರುದಿನ ನುಂಗುವುದನ್ನು ಪರೀಕ್ಷಿಸಿ ನೋಡಿ, ತೆಳು ನೀರಿಗಿಂತ ಮಂದವಾದುದೇ ಸದ್ಯಕ್ಕೆ ಒಳ್ಳೆಯದು ಅಂದರು. ಅಕ್ಕ ಕ್ಯಾರಿಯರ್ ಬಿಚ್ಚಿದಳು. ಅರ್ಧ ಚಮಚ ಗಂಜಿ. ಸಿಸ್ಟರ್ ಬಗ್ಗಿ ಭಾವನ ಗಂಟಲನ್ನೇ ನೋಡುತ್ತಿದ್ದರು. ಗಂಟಲಮಣಿ ಮೇಲೇರಿತು, ಇಳಿಯಿತು. ಕೆಮ್ಮು ಬರಲಿಲ್ಲ.

ಅಕ್ಕ ಆಗಲೇ ಮುಂದಿನ ಚಮಚ ತುಂಬಿದ್ದಳು.

"ನಿಧಾನ ಅಮ್ಮ," ಅಂದರು ಸಿಸ್ಟರ್.