ಬೇಳೆ ಬೇಯದ ನೀರು ಮತ್ತು ಸೋರುವ ರೇಡಿಯೇಟರ್

ಕಾರಿನ ಕೂಲಂಟ್ ಪೆಟ್ರೋಲಿನಂತೆ ಓಡಿದಷ್ಟೂ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ನಾಲ್ಕೈದು ಲೀಟರ್ ದ್ರವ ಎಂಜಿನ್ನಿನ ಬಿಸಿ ಹೊತ್ತು ರೇಡಿಯೇಟರಿಗೆ ಬಂದು, ತಣಿದು, ಮತ್ತೆ ಎಂಜಿನ್ನಿಗೆ ಮರಳುತ್ತದೆ. ಅದರ ಮಟ್ಟ ತಿಂಗಳು ತಿಂಗಳಿಗೆ ಇಳಿಯುತ್ತಿದ್ದರೆ ಎಲ್ಲೋ ದಾರಿ ಮಾಡಿಕೊಂಡು ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಆದರೂ ಬಾನೆಟ್ ಎತ್ತಿ ಒಂದು ಬಾಟಲಿ ನಲ್ಲಿ ನೀರು ಸುರಿದು ಮುಂದಕ್ಕೆ ಹೊರಡುವುದು ನಮ್ಮಲ್ಲಿ ರೂಢಿ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಬಿಸಿಲಿಗೂ ಇಲ್ಲಿನ ನೆಲದ ನೀರಿಗೂ ಈ ರೂಢಿ ಸ್ವಲ್ಪವೂ ಹೊಂದುವುದಿಲ್ಲ. ಸುರಿದ ನೀರು ಸೋರಿಕೆಯನ್ನು ನಿಲ್ಲಿಸುವುದಿಲ್ಲ, ಬೆಳೆಸುತ್ತದೆ.

ಮೊದಲು ಬಿಸಿಲಿನ ಲೆಕ್ಕ. ಪೆಟ್ರೋಲ್ ಉರಿದು ಹುಟ್ಟುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗ. ಉಳಿದ ಬಿಸಿಯಲ್ಲಿ ಒಂದು ದೊಡ್ಡ ಪಾಲು ಹೊಗೆಯೊಡನೆ ಹೋದರೆ, ಹೆಚ್ಚುಕಡಿಮೆ ಅಷ್ಟೇ ಪಾಲನ್ನು ಕೂಲಂಟ್ ಹೊರಬೇಕು. ರೇಡಿಯೇಟರ್ ಎಷ್ಟು ಬಿಸಿ ಬಿಟ್ಟುಕೊಡಬಲ್ಲದು ಎಂಬುದು ದ್ರವಕ್ಕೂ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಕಟ್ಟುಬಿದ್ದಿದೆ. ದ್ರವ 95 ಡಿಗ್ರಿ, ಗಾಳಿ 25 ಡಿಗ್ರಿ ಇದ್ದಾಗ ಅಂತರ 70. ಮೇ ತಿಂಗಳ ಮಧ್ಯಾಹ್ನ ಗಾಳಿಯೇ 42 ಡಿಗ್ರಿಯಾದರೆ ಅಂತರ 53ಕ್ಕೆ ಇಳಿಯುತ್ತದೆ, ಅಂದರೆ ರೇಡಿಯೇಟರಿನ ಕಾಲುಭಾಗದಷ್ಟು ಶಕ್ತಿ ಹವೆಯಲ್ಲೇ ಹೋಯಿತು. ಬನಶಂಕರಿ ಜಾತ್ರೆಯ ಜನಸಂದಣಿಯಲ್ಲಿ ಕಾರು ತೆವಳುವಾಗ ಎದುರುಗಾಳಿಯೂ ಇಲ್ಲದೆ ಫ್ಯಾನ್ ಒಂದೇ ಆ ಕೆಲಸ ಮಾಡಬೇಕು. ಒಂದು ಲೀಟರ್ ಕಡಿಮೆ ಇದ್ದರೂ ನಡೆದೀತು ಎನ್ನುವ ಧೈರ್ಯ ಚಳಿಯ ಊರಿನವರಿಗಿರಬಹುದು, ನಮಗೆ ಸಲ್ಲದು.

ಇನ್ನು ನೀರಿನ ವಿಚಾರ. ಬಾಗಲಕೋಟೆಯ ಸಿಮೆಂಟ್ ಕಾರ್ಖಾನೆಗೆ ಆಧಾರವೇ ಈ ಭಾಗದ ಸುಣ್ಣಕಲ್ಲು. ಅಂಥ ಕಲ್ಲಿನ ಮೂಲಕ ಇಳಿಯುವ ನೀರು ಕ್ಯಾಲ್ಸಿಯಂ ಬೈಕಾರ್ಬೊನೇಟನ್ನು ಕರಗಿಸಿಕೊಂಡು ಬರುತ್ತದೆ. ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಣ್ಣ ಗಟ್ಟಿಯಾಗಿ ಅಂಟುತ್ತದೆ. ಸ್ನಾನದ ಹಂಡೆಯ ತಳದ ಬಿಳಿ ಹಕ್ಕಳೆ ಇದೇ. ಬಾದಾಮಿಯದು ಮರಳುಗಲ್ಲು, ಇಳಕಲ್ಲಿನದು ಕೆಂಪು ಗ್ರಾನೈಟ್, ಅಲ್ಲಿ ಸುಣ್ಣ ಎಲ್ಲಿಂದ ಬಂತು ಎಂದು ಕೇಳಬಹುದು. ಮರಳುಗಲ್ಲಿನಲ್ಲಿ ಕರಗುವುದು ಕಡಿಮೆ ನಿಜ, ಆದರೆ ಆಳದ ಬೋರ್‌ವೆಲ್ಲಿನಲ್ಲಿ ಬಹುಕಾಲ ನಿಂತ ನೀರು ಗ್ರಾನೈಟಿನಿಂದಲೂ ಲವಣ ಎಳೆದುಕೊಳ್ಳುತ್ತದೆ. ಪಕ್ಕಪಕ್ಕದ ಎರಡು ಓಣಿಗಳ ನೀರೇ ಬೇರೆ ಬೇರೆ ಇರಬಹುದಾದ್ದರಿಂದ ಊರಿನ ಹೆಸರು ನೋಡಿ ತೀರ್ಮಾನಿಸುವಂತಿಲ್ಲ. ಸಾಬೂನು ನೊರೆ ಬಿಡದ, ಬೇಳೆ ಬೇಯದ ನೀರು ಎಂಜಿನ್ನಿಗೂ ಬೇಡ ಎಂಬ ಅಡುಗೆಮನೆಯ ಪರೀಕ್ಷೆ ಸಾಕು.

ಒಂದು ಸಲ ತುಂಬಿದ ನೀರಿನಲ್ಲಿ ಎಷ್ಟು ಸುಣ್ಣ ಇದ್ದೀತು ಎಂಬ ಆಕ್ಷೇಪ ನ್ಯಾಯವಾದದ್ದೇ. ಬೇರೆ ಮೂಲವಿಲ್ಲದಾಗ ಕುಡಿಯುವ ನೀರಿನ ಗಡಸುತನ ಲೀಟರಿಗೆ 600 ಮಿಲಿಗ್ರಾಂವರೆಗೆ ಇರಬಹುದೆಂದು ಭಾರತೀಯ ಮಾನಕ ಒಪ್ಪುತ್ತದೆ. ಆ ಲೆಕ್ಕದಲ್ಲಿ ಐದು ಲೀಟರಿಗೆ 3 ಗ್ರಾಂ ಮಾತ್ರ. ಸೋರದ ಕಾರಿನಲ್ಲಿ ಅದು ಅಲ್ಲಿಗೇ ಮುಗಿಯುತ್ತದೆ. ಆದರೆ ವಾರಕ್ಕೆ ಒಂದು ಲೀಟರ್ ಬೇಡುವ ಕಾರಿಗೆ ವರ್ಷಕ್ಕೆ 52 ಲೀಟರ್ ಸುರಿಯುತ್ತೇವೆ, ಅದರೊಡನೆ 31 ಗ್ರಾಂ ಲವಣವನ್ನೂ. ಒಂದಷ್ಟು ಸೋರಿಕೆಯ ಜೊತೆಗೇ ಹೊರಬೀಳುತ್ತದೆ, ಎಲ್ಲವೂ ಪದರ ಕಟ್ಟುವುದಿಲ್ಲ. ಆವಿಯಾಗಿ ಹೋದ ನೀರಿನದು ಮಾತ್ರ ಪೂರ್ತಿ ಒಳಗೇ ಉಳಿಯುತ್ತದೆ. ರೇಡಿಯೇಟರಿನ ಚಪ್ಪಟೆ ಕೊಳವೆಗಳ ಒಳಕಿಂಡಿ ಒಂದೆರಡು ಮಿಲಿಮೀಟರ್. ಸುಣ್ಣದ ಪದರ ಬಿಸಿ ಸಾಗಿಸುವುದು ಅಲ್ಯೂಮಿನಿಯಂ ಸಾಗಿಸುವುದರ ಸುಮಾರು ನೂರನೇ ಒಂದು ಪಾಲು. ಕಿಂಡಿ ಕಿರಿದಾಗಿ ಎಂಜಿನ್ ಇನ್ನೂ ಕಾಯುತ್ತದೆ, ರಬ್ಬರ್ ಬಿರುಸಾಗುತ್ತದೆ, ಜಿನುಗುತ್ತಿದ್ದದ್ದು ಹನಿಯುತ್ತದೆ, ನಾವು ಮತ್ತೆ ನೀರು ಸುರಿಯುತ್ತೇವೆ.

ಬಾಗಲಕೋಟೆಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಬಿಸಿ ಹೀರುವುದರಲ್ಲಿ ಬರೀ ನೀರೇ ಮೇಲು, ಕೂಲಂಟಿಗೆ ದುಡ್ಡೇಕೆ ಎಂಬ ಮಾತಿದೆ. ಅದರ ಮೊದಲೆರಡು ಭಾಗಗಳು ಸರಿ. ಕೂಲಂಟಿನ ಬೆಲೆ ಇರುವುದು ಬೇರೆಡೆ. ಅದರಲ್ಲಿರುವ ತುಕ್ಕುನಿರೋಧಕಗಳು ಅಲ್ಯೂಮಿನಿಯಂ, ಕಬ್ಬಿಣ ಎರಡನ್ನೂ ಕಾಯುತ್ತವೆ, ಇಥಿಲೀನ್ ಗ್ಲೈಕಾಲ್ ಕುದಿಬಿಂದುವನ್ನು ಏರಿಸುತ್ತದೆ. ಸಮುದ್ರಮಟ್ಟದಿಂದ ಐದುನೂರು ಮೀಟರಿಗೂ ಮೇಲಿರುವ ನಮ್ಮಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಅಡುಗೆಯ ಕುಕ್ಕರಿನಂತೆ ಸುಮಾರು ಒಂದು ವಾತಾವರಣದಷ್ಟು ಹೆಚ್ಚು ಒತ್ತಡ ಹಿಡಿದಿಟ್ಟರೆ ನೀರು 120ರ ಆಸುಪಾಸಿನವರೆಗೆ, ಅರ್ಧಕ್ಕರ್ಧ ಗ್ಲೈಕಾಲ್ ಬೆರೆತದ್ದು 130ರ ಹತ್ತಿರದವರೆಗೆ ಕುದಿಯದೆ ಇರುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಬಾರದು ಎನ್ನುವುದೂ ಇದಕ್ಕೇ: ಒತ್ತಡ ಬಿಟ್ಟ ಕ್ಷಣ 110 ಡಿಗ್ರಿಯ ದ್ರವ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕೂಲಂಟಿನ ಬಣ್ಣವೂ ಉಪಕಾರಿ. ಏಸಿಯಿಂದ ಇಳಿಯುವ ನೀರಿಗೆ ಬಣ್ಣವೂ ಇಲ್ಲ, ಜಾರುವ ಗುಣವೂ ಇಲ್ಲ. ಹಸಿರೋ ಕೆಂಪೋ ಬಣ್ಣದ, ಬೆರಳಿಗೆ ಜಿಡ್ಡಾಗುವ, ಸಿಹಿವಾಸನೆಯ ಹನಿ ಮಾತ್ರ ಕೂಲಂಟಿನದು. ಬರೀ ನೀರು ತುಂಬಿದ ಕಾರಿನಲ್ಲಿ ಈ ಎರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟ.

ಹುಡುಕಾಟ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ನಡೆಯಬೇಕು. ಬಿಸಿಗೆ ದ್ರವ ಹಿಗ್ಗುವುದರಿಂದ ಸಂಜೆಯ ಮಟ್ಟ ಮೋಸ ಮಾಡುತ್ತದೆ. ಸಮ ನೆಲದಲ್ಲಿ ಕಾರು ನಿಲ್ಲಿಸಿ, ಕೂಲಂಟ್ ಟ್ಯಾಂಕಿನ ಮೇಲೆ ಪೆನ್ನಿನಿಂದ ಗೆರೆ ಎಳೆದು, ರಾತ್ರಿ ಎಂಜಿನ್ನಿನ ಕೆಳಗೆ ರಟ್ಟು ಹಾಸಿದರೆ ಹನಿ ಎಲ್ಲಿ ಬೀಳುತ್ತದೆಂದು ರಟ್ಟೇ ತೋರಿಸುತ್ತದೆ. ಆ ಜಾಗದಿಂದ ಮೇಲಕ್ಕೆ ಕಣ್ಣು ಹಾಯಿಸುತ್ತ ಹೋಗಿ. ಹೋಸ್ ಪೈಪು ಸೇರುವ ಕ್ಲಿಪ್, ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಅಲ್ಯೂಮಿನಿಯಂ ಜಾಲರಿಗೆ ಕೂಡುವ ಅಂಚು, ವಾಟರ್ ಪಂಪಿನ ಅಡಿಯ ಸಣ್ಣ ತೂತು, ಇಲ್ಲೆಲ್ಲ ಒಣಗಿದ ಬಿಳಿ ಅಥವಾ ಬಣ್ಣದ ಗೆರೆ ಉಳಿದಿರುತ್ತದೆ. ಪಂಪಿನ ಆ ತೂತು ತಯಾರಕರೇ ಇಟ್ಟದ್ದು, ಒಳಗಿನ ಸೀಲ್ ಸವೆದರೆ ಅಲ್ಲಿಂದ ಹನಿಯುತ್ತದೆ. ಏನೂ ಕಾಣದಿದ್ದರೆ ಗೇಜ್ ಇರುವ ಕೈಪಂಪನ್ನು ಟ್ಯಾಂಕಿಗೆ ಕೂಡಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ತುಂಬಿ ಕಾಲು ಗಂಟೆ ಬಿಡಬೇಕು. ಮುಳ್ಳು ಇಳಿದರೆ ಸೋರಿಕೆ ಖಚಿತ. ಆಗಲೂ ಹೊರಗೆ ಹನಿ ಕಾಣದಿದ್ದರೆ ಕಾರಿನೊಳಗೆ ಮುಂದಿನ ಕಾರ್ಪೆಟ್ ಒದ್ದೆಯೇ ನೋಡಿ, ಹೀಟರಿನ ಸಣ್ಣ ರೇಡಿಯೇಟರ್ ಅಲ್ಲಿದೆ. ಅದೂ ಇಲ್ಲವಾದರೆ ಅನುಮಾನ ಹೆಡ್ ಗ್ಯಾಸ್ಕೆಟ್ಟಿನ ಮೇಲೆ: ನಿಲ್ಲದ ಬಿಳಿ ಹೊಗೆ, ಕೆನೆಯಂತಾದ ಆಯಿಲ್, ಟ್ಯಾಂಕಿನಲ್ಲಿ ಗುಳ್ಳೆ. ಗ್ಯಾರೇಜಿನಲ್ಲಿ ಟ್ಯಾಂಕಿನ ಗಾಳಿಯನ್ನು ನೀಲಿ ದ್ರವದ ಮೂಲಕ ಹಾಯಿಸುತ್ತಾರೆ. ಉರಿದ ಅನಿಲದ ಇಂಗಾಲದ ಡೈಆಕ್ಸೈಡ್ ಇದ್ದರೆ ಅದು ಹಳದಿಯಾಗುತ್ತದೆ.

ಮುಚ್ಚಳ, ಕ್ಲಿಪ್, ಹೋಸ್, ಟ್ಯಾಂಕ್ ಬದಲಿಸುವುದು ಬಹುತೇಕ ಕಾರುಗಳಲ್ಲಿ ಮನೆಯಲ್ಲೇ ಆಗುವ ಕೆಲಸ. ಪಂಪು, ಗ್ಯಾಸ್ಕೆಟ್ ಮೆಕ್ಯಾನಿಕ್ಕಿಗೆ ಬಿಡಿ. ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿದರೆ ಸೋರುವುದು ನಿಲ್ಲುತ್ತದೆ ಎಂಬ ಚಾಲಕರ ಅನುಭವ ಸುಳ್ಳಲ್ಲ. ನೀರಿನೊಡನೆ ತೂತಿನತ್ತ ಹರಿದ ಪುಡಿ ಅಲ್ಲೇ ಉಬ್ಬಿ ಕಟ್ಟಿಕೊಳ್ಳುತ್ತದೆ. ಅಗಲ ಕೊಳವೆಗಳ ಹಳೆಯ ಹಿತ್ತಾಳೆ ರೇಡಿಯೇಟರುಗಳಿಗೆ ಅದು ನಡೆಯಿತು. ಇಂದಿನ ಕಿರುಗಿಂಡಿಗಳಲ್ಲಿ ಪುಡಿ ತೂತನ್ನೂ ದಾರಿಯನ್ನೂ ಒಟ್ಟಿಗೇ ಮುಚ್ಚುತ್ತದೆ. ಹುನಗುಂದದಿಂದ ಇಳಕಲ್ಲಿಗೆ ಹೋಗುವ ಹೆದ್ದಾರಿಯಲ್ಲಿ ನಡುಮಧ್ಯಾಹ್ನ ಕಾರು ನಿಂತರೆ ಏನು ಗತಿ? ಅರ್ಧ ಗಂಟೆಗೂ ಹೆಚ್ಚು ಕಾಲ ಆರಲು ಬಿಟ್ಟು, ಸಿಕ್ಕ ನೀರು ಹಾಕಿ ಊರು ಸೇರಿ, ಅದರಲ್ಲಿ ತಪ್ಪಿಲ್ಲ. ಬಿಸಿಗೆ ಅಲ್ಯೂಮಿನಿಯಂ ಹೆಡ್ ಬಾಗಿದರೆ ಆಗುವ ನಷ್ಟದ ಮುಂದೆ ಒಂದು ದಿನದ ಸುಣ್ಣ ಏನೂ ಅಲ್ಲ. ದ್ರವ ತೀರಾ ಇಳಿದಾಗ ಸೆನ್ಸಾರ್ ಆವಿಯಲ್ಲಿ ನಿಂತು ಮೀಟರ್ ಸುಳ್ಳು ಹೇಳಬಹುದು, ಮುಳ್ಳನ್ನೇ ನಂಬಬೇಡಿ. ಮನೆ ತಲುಪಿದ ಮೇಲೆ ಆ ನೀರನ್ನು ಬಸಿದು, ಕೈಪಿಡಿ ಹೇಳಿದ ಜಾತಿಯ ಕೂಲಂಟನ್ನು ಡಿಸ್ಟಿಲ್ಡ್ ನೀರಿನೊಡನೆ ತುಂಬಿ. ಬಣ್ಣ ಒಂದೇ ಎಂದು ಜಾತಿ ಒಂದೇ ಎನ್ನುವಂತಿಲ್ಲ.

ಬಸಿದ ಹಳೆಯ ಕೂಲಂಟನ್ನು ಮಾತ್ರ ಚರಂಡಿಗೋ ಅಂಗಳಕ್ಕೋ ಚೆಲ್ಲಬೇಡಿ. ಗ್ಲೈಕಾಲ್ ನಾಲಿಗೆಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ಮಕ್ಕಳ ಕೈಗೂ ನಾಯಿಯ ಬಾಯಿಗೂ ಎಟುಕದಂತೆ ಡಬ್ಬಿಯಲ್ಲಿ ಬಿಗಿದು, ಮೇಲೆ ‘ವಿಷ’ ಎಂದು ಬರೆದು, ಗ್ಯಾರೇಜಿಗೆ ಒಪ್ಪಿಸಿ.