ಇಂಗ್ಲಿಷಿನಲ್ಲಿ ವರ್ಜನೋಪದೇಶದ ಮಾತುಗಳು

ಒಂದು ಕಾರ್ಯವನ್ನು ಮಾಡದಿರುವಂತೆ ಶಿಷ್ಟರೀತಿಯಲ್ಲಿ ತಿಳಿಸುವುದಕ್ಕೆ ಇಂಗ್ಲಿಷಿನಲ್ಲಿ ಅವಾಯ್ಡ್, ರಿಫ್ರೇನ್, ಆಬ್‌ಸ್ಟೇನ್, ಡಿಸಿಸ್ಟ್ ಎಂಬ ಕ್ರಿಯಾಪದಗಳು ವಿಶೇಷವಾಗಿ ಬಳಕೆಯಲ್ಲಿವೆ. ಇವನ್ನು ಪರ್ಯಾಯಪದಗಳೆಂದು ಎಣಿಸುವುದುಂಟು. ಆದರೆ ಇವುಗಳ ವಿವಕ್ಷೆ ಒಂದೇ ಅಲ್ಲ.

ಅವಾಯ್ಡ್ ಎಂಬುದು ಬರಿದುಮಾಡು ಎಂಬರ್ಥದ ಹಳೆಯ ಫ್ರೆಂಚ್ ಶಬ್ದದಿಂದ ಬಂದುದು. ಈಗ ವಸ್ತು, ಸ್ಥಳ, ವ್ಯಕ್ತಿ, ಕಾರ್ಯ ಇವುಗಳಲ್ಲಿ ಯಾವುದನ್ನಾದರೂ ದೂರವಿಡುವುದೆಂದು ಅರ್ಥ. ರಿಫ್ರೇನ್ ಎಂಬುದರಲ್ಲಿ ಕಡಿವಾಣವೆಂಬರ್ಥದ ಲ್ಯಾಟಿನ್ ಶಬ್ದವು ಅಡಗಿದೆ. ಮಾಡಬೇಕೆಂಬ ಪ್ರವೃತ್ತಿಯನ್ನು ಬಿಗಿಹಿಡಿಯುವುದೇ ಅದರ ಭಾವ. ಆಬ್‌ಸ್ಟೇನ್ ಎಂಬುದಕ್ಕೆ ತನ್ನನ್ನು ದೂರ ಹಿಡಿದುಕೊಳ್ಳುವುದೆಂದರ್ಥ. ಮದ್ಯ, ಮಾಂಸ, ಮತದಾನ ಮೊದಲಾದವುಗಳನ್ನು ಸಂಕಲ್ಪಪೂರ್ವಕವಾಗಿ ಬಿಡುವಲ್ಲಿ ಅದು ಸಲ್ಲುತ್ತದೆ. ಡಿಸಿಸ್ಟ್ ಎಂಬುದು ಆಗಲೇ ನಡೆಯುತ್ತಿರುವ ಕಾರ್ಯವನ್ನು ನಿಲ್ಲಿಸುವುದಕ್ಕೆ ಹೆಚ್ಚಾಗಿ ಸಲ್ಲುವಂಥದು. ಆದಕಾರಣ ಇನ್ನೂ ಏನನ್ನೂ ಮಾಡದವನಿಗೆ ಈ ಮಾತನ್ನು ಬರೆದರೆ, ಉಪದೇಶವು ಆರೋಪವಾಗಿ ಪರಿಣಮಿಸುವುದು.

ವಾಕ್ಯರಚನೆಯಲ್ಲಿಯೂ ಭೇದವುಂಟು. ಅವಾಯ್ಡ್ ಎಂಬುದು ಕರ್ಮವನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ಉಳಿದ ಮೂರಕ್ಕೆ ಫ್ರಮ್ ಎಂಬ ಅವ್ಯಯವು ಬೇಕು. ಮುಂದೆ ಕ್ರಿಯೆ ಬರುವುದಾದರೆ ನಾಲ್ಕಕ್ಕೂ ಇಂಗ್ ಪ್ರತ್ಯಯಾಂತ ರೂಪವೇ ಸಾಧು; ಟೂ ಸೇರಿದ ರೂಪವು ಅಸಾಧು. ವಿದ್ಯಾರ್ಥಿಗಳು ಅವಾಯ್ಡ್ ಟೂ ಗೋ ಎಂದು ಬರೆಯುವುದು ಇದನ್ನು ಮರೆತುದರ ಫಲ.

ಇಷ್ಟಾದರೂ ಮಾತಿನ ಬಲವು ಈ ಕ್ರಿಯೆಗಳಲ್ಲಿಲ್ಲ. ಇವುಗಳ ಹಿಂದೆ ಬರುವ ಪದದಲ್ಲಿದೆ. 1945ರ ವಿಶ್ವಸಂಸ್ಥೆಯ ಸನ್ನದಿನ 2ನೆಯ ವಿಧಿಯು ಬಲಪ್ರಯೋಗದ ವಿಷಯದಲ್ಲಿ ರಿಫ್ರೇನ್ ಎಂಬುದನ್ನೂ, 27ನೆಯ ವಿಧಿಯು ಕೆಲವು ವಿವಾದಗಳಲ್ಲಿ ಕಕ್ಷಿಯಾದ ರಾಷ್ಟ್ರವು ಮತ ಹಾಕದಿರುವ ವಿಷಯದಲ್ಲಿ ಆಬ್‌ಸ್ಟೇನ್ ಎಂಬುದನ್ನೂ ಬಳಸುತ್ತವೆ. ಎರಡು ಕಡೆಯೂ ಹಿಂದೆ ಷಲ್ ಎಂಬುದಿರುವುದರಿಂದ ಅವು ವಿಧಿವಾಕ್ಯಗಳು, ಹಿತೋಕ್ತಿಗಳಲ್ಲ. ಅದೇ ರಿಫ್ರೇನ್ ಎಂಬುದರ ಹಿಂದೆ ರಿಕ್ವೆಸ್ಟೆಡ್ ಎಂದಿದ್ದರೆ ಪ್ರಾರ್ಥನೆ. ಅಡ್ವೈಸ್ಡ್ ಎಂದಿದ್ದರೆ ಸಲಹೆ. ಸಲಹೆಯಲ್ಲಿ ನಿರ್ಧಾರವು ಕೇಳುವವನಿಗೇ ಸೇರಿದ್ದು.

ಕನ್ನಡಿಸುವವರು ಗಮನಿಸತಕ್ಕದ್ದು ಇದನ್ನೇ. "ಹೋಗಕೂಡದು" ಎಂಬುದು ನಿಷೇಧ; "ಹೋಗದಿರುವುದು ಒಳಿತು" ಎಂಬುದು ಸಲಹೆ. ಅಡ್ವೈಸ್ಡ್ ಎಂದಿರುವಲ್ಲಿ "ಕೂಡದು" ಎಂದು ಬರೆದರೆ ಇಲ್ಲದ ಶಾಸನವನ್ನು ಹುಟ್ಟಿಸಿದಂತೆ. ಷಲ್ ಎಂದಿರುವಲ್ಲಿ "ಒಳಿತು" ಎಂದರೆ ಇರುವ ಶಾಸನವನ್ನು ಅಳಿಸಿದಂತೆ. ಕ್ರಿಯಾಪದದ ಅರ್ಥವನ್ನು ಹುಡುಕುವ ಮೊದಲು ವಾಕ್ಯದ ಅಧಿಕಾರವನ್ನು ನಿಶ್ಚಯಿಸಿಕೊಳ್ಳುವುದು ಯುಕ್ತ.