ಸಣ್ಣ ಕ್ಯಾಮರಾ ಸಾಕೇ?

ನಮ್ಮ ಮಾಮ ಮದುವೆ ಫೋಟೋ ತೆಗೆಯುತ್ತಾರೆ. ಅವರದು ನಿಕಾನ್ ಡಿ5600 ಎಂಬ ಡಿಎಸ್ಎಲ್ಆರ್ ಕ್ಯಾಮರಾ. ಲೆನ್ಸ್ ಬಿಟ್ಟು 465 ಗ್ರಾಂ. ದಿನವಿಡೀ ಕತ್ತಿಗೆ ಹಾಕಿಕೊಂಡು ನೋವು ಬಂದಿದೆ. ಅದನ್ನು ಮಾರಿ, ಸ್ನೇಹಿತರ ಹತ್ತಿರ ಇರುವ ರಿಕೋ ಜಿಆರ್ 3ನಂಥ ಸಣ್ಣದು ತಗೋತೀನಿ ಅಂದರು. 2019ರಲ್ಲಿ ಬಂದ ಇದು ಲೆನ್ಸ್ ಸೇರಿ 257 ಗ್ರಾಂ, ಅಷ್ಟೇ.

ಹಿಂದೆ ರೀಲು ಮಾಡುತ್ತಿದ್ದ ಕೆಲಸವನ್ನು ಈಗ ಸೆನ್ಸರ್ ಎಂಬ ಚಿಕ್ಕ ಫಲಕ ಮಾಡುತ್ತದೆ. ಮಳೆಯಲ್ಲಿ ಇಟ್ಟರೆ ಚೊಂಬಿಗಿಂತ ಅಗಲವಾದ ಪರಾತಕ್ಕೆ ಹೆಚ್ಚು ನೀರು ಬೀಳುತ್ತೆ. ಹಾಗೆಯೇ ದೊಡ್ಡ ಸೆನ್ಸರಿಗೆ ಹೆಚ್ಚು ಬೆಳಕು ಸಿಗುತ್ತದೆ. ಈ ಎರಡೂ ಕ್ಯಾಮರಾಗಳ ಸೆನ್ಸರ್ ಒಂದೇ ಅಳತೆ: 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ. ಡಿಎಸ್ಎಲ್ಆರ್ ಒಳಗೆ ಕನ್ನಡಿ ಇರುತ್ತದೆ. ಸಣ್ಣದರಲ್ಲಿ ಅದಿಲ್ಲ, ಅದಕ್ಕೇ ತೆಳ್ಳಗಿದೆ.

ಮಾಮ ಎರಡನ್ನೂ ತಂದರು. ಮಬ್ಬು ಅಡಿಗೆಮನೆಯಲ್ಲಿ ಅಜ್ಜಿಯ ಫೋಟೋ ಎರಡರಲ್ಲೂ ಚೆನ್ನಾಗಿಯೇ ಬಂತು. ಆದರೆ ಪಕ್ಕದ ಮನೆ ಅಕ್ಕನ ಮದುವೆಯಲ್ಲಿ ಜನ ಮಂಟಪದ ಸುತ್ತ ನಿಂತುಬಿಟ್ಟರು. ಮಾಮ ದೂರದಿಂದ ತೆಗೆಯಬೇಕಾಯಿತು. ಸಣ್ಣದರ ಲೆನ್ಸ್ ಬದಲಾಯಿಸಲು ಆಗದು, ಜೂಮ್ ಕೂಡ ಇಲ್ಲ. ಅದರಲ್ಲಿ ಜನರ ಬೆನ್ನೇ ಬಂತು. ದೊಡ್ಡದಕ್ಕೆ ಉದ್ದ ಲೆನ್ಸ್ ಹಾಕಿದ್ದರಿಂದ ತಾಳಿ ಕಂಡಿತು. ಇನ್ನೊಂದು ಸಲ ಕಟ್ಟಿ ಅನ್ನೋಕಾಗುತ್ತಾ?

ಮನೆಗೆ, ಪ್ರವಾಸಕ್ಕೆ ಸಣ್ಣದು ಸಾಕು. ಮಾಮನ ಹೊಟ್ಟೆಪಾಡಿಗೆ ದೊಡ್ಡದೇ ಬೇಕು. ಅವರು ಮಾರಲಿಲ್ಲ. ಈಗ ಊಟದ ಹೊತ್ತಿನಲ್ಲಿ ಕ್ಯಾಮರಾ ನಾನು ಹಿಡಿದುಕೊಳ್ಳುತ್ತೇನೆ.